ಬಾಯಿ ಬಿಡಿ, ಡಾಕ್ಟರೇ

ಹಲ್ಲಿನ ಡಾಕ್ಟರು ಮಾತಿಗೆ ತೊಡಗಿದರೆಂದರೆ ಎದುರಿಗಿದ್ದವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ ಎಂಬುದನ್ನು ಆ ಬೀದಿಯಲ್ಲಿ ಯಾರೂ ಅಲ್ಲಗಳೆಯುವಂತಿರಲಿಲ್ಲ. ಅಲ್ಲಗಳೆಯುವುದಕ್ಕೆ ಬಾಯಿ ಖಾಲಿ ಇರಬೇಕಲ್ಲ! ಅವರ ಕುರ್ಚಿಯಲ್ಲಿ ಒರಗಿದವರ ಬಾಯಿಯೊಳಗೆ ಒಂದು ಪುಟ್ಟ ಕನ್ನಡಿ, ಒಂದು ಕೊಕ್ಕೆ, ಎಂಜಲು ಎಳೆಯುವ ಕೊಳವೆ, ಇವೆಲ್ಲದರ ಜೊತೆಗೆ ಡಾಕ್ಟರರ ಎರಡು ಬೆರಳು. ಇಷ್ಟನ್ನೂ ತುಂಬಿಟ್ಟ ಮೇಲೆ ಅವರು ಲೋಕದ ಆಗುಹೋಗುಗಳ ಬಗ್ಗೆ ನಿರರ್ಗಳವಾಗಿ ಮಾತಾಡುತ್ತಿದ್ದರು. ನಡುವೆ ಮರ್ಯಾದೆಗೆಂದು "ಏನಂತೀರಿ?" ಎಂದು ಕೇಳುತ್ತಿದ್ದರು. "ಆಂ… ಗ್ಳ…" ಎಂದು ಉತ್ತರ ಬರುತ್ತಿತ್ತು. "ಅದನ್ನೇ ನಾನೂ ಹೇಳ್ತಾ ಇರೋದು!" ಎಂದು ಮುಂದುವರಿಸುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಬ್ಬರೂ ಅವರ ಮಾತಿಗೆ ಎದುರಾಡಿರಲಿಲ್ಲ. ಹೀಗಾಗಿ ತಾನೊಬ್ಬ ಮಾತುಗಾರ ಎಂಬ ಹೆಮ್ಮೆ ಅವರಲ್ಲಿ ಗಟ್ಟಿಯಾಗಿ ಬೇರೂರಿತ್ತು, ಕೀಳಲು ಬಾರದ ದವಡೆ ಹಲ್ಲಿನ ಹಾಗೆ.

ಆದರೆ ಬಾಯಿ ಮುಚ್ಚಿಕೊಂಡು ಸಾಲಾಗಿ ಕೂತ ಜನರನ್ನು ಕಂಡರೆ ಮಾತ್ರ ಅದೇ ಡಾಕ್ಟರರಿಗೆ ಜೀವ ಬಾಯಿಗೆ ಬರುತ್ತಿತ್ತು. ಜೀವವೇ ಬಂದು ಕೂತ ಮೇಲೆ ಮಾತಿಗೆ ಅಲ್ಲಿ ಜಾಗವೆಲ್ಲಿ? ಅವರ ಹೆಂಡತಿ ಶಾಲೆಯ ಹೆಡ್‌ಮಿಸ್ಟ್ರೆಸ್ ಆದಾಗ ಸ್ಟಾಫಿನವರು ಒಂದು ಸಣ್ಣ ಸಮಾರಂಭ ಮಾಡಿ, "ಡಾಕ್ಟರೇ, ನೀವೂ ಎರಡು ಮಾತಾಡಿ" ಎಂದು ಎಬ್ಬಿಸಿದ್ದರು. ಡಾಕ್ಟರು ಎದ್ದರು. ಸಭೆಯನ್ನು ನೋಡಿದರು. ಸಭೆ ಅವರನ್ನು ನೋಡಿತು. ಬಹಳ ಹೊತ್ತಿನ ಮೇಲೆ ಅವರ ಬಾಯಿಂದ ಹೊರಟದ್ದು ಒಂದೇ ಶಬ್ದ: "ನೆಕ್ಸ್ಟ್!" ಅಷ್ಟು ಹೇಳಿ ಕೈ ತೊಳೆಯಲು ಹೋದವರು ಮತ್ತೆ ಬರಲಿಲ್ಲ.

ಹೆಂಡತಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಇಡೀ ಶಾಲೆಯನ್ನು ಮೈದಾನದಲ್ಲಿ ನಿಲ್ಲಿಸಿಕೊಂಡು ಕಾಗದದ ಚೂರೂ ಇಲ್ಲದೆ ಮಾತಾಡುವ ಹೆಂಗಸು. ಮೈಕು ಕೈಕೊಟ್ಟರೆ ಅದು ಮೈಕಿಗೇ ನಷ್ಟ. ಎಲ್ಲರೂ ಅವರನ್ನು ಹೆಡ್‌ಮೇಡಂ ಎನ್ನುತ್ತಿದ್ದರು. ಅಂಥ ಹೆಡ್‌ಮೇಡಂಗೆ ಶಿಕ್ಷಕರ ಸಂಘದವರು ಆ ವರ್ಷದ ಅತ್ಯುತ್ತಮ ಮುಖ್ಯೋಪಾಧ್ಯಾಯಿನಿ ಪ್ರಶಸ್ತಿ ಕೊಡುವುದೆಂದು ತೀರ್ಮಾನಿಸಿದರು.

ಸುದ್ದಿ ಬಂದ ದಿನ ಡಾಕ್ಟರರ ಕಾಲು ನೆಲದ ಮೇಲಿರಲಿಲ್ಲ. ಒಬ್ಬರ ದವಡೆಗೆ ಇಂಜೆಕ್ಷನ್ ಕೊಟ್ಟು, ಹಲ್ಲು ಕೀಳುವುದನ್ನು ಮರೆತು, ಹೆಂಡತಿಯ ಗುಣಗಾನ ಶುರುಮಾಡಿದರು. ಗುಣಗಾನ ಮುಗಿಯುವಷ್ಟರಲ್ಲಿ ಇಂಜೆಕ್ಷನ್ನಿನ ಮಹಿಮೆ ಮುಗಿದಿತ್ತು. ಇಕ್ಕಳ ಹಾಕಿದಾಗ ಆ ಮನುಷ್ಯ ಕುರ್ಚಿಯಿಂದ ಮೇಲೆದ್ದು ಚೀರಿದರೆ, ಡಾಕ್ಟರು ಕಣ್ಣೊರೆಸಿಕೊಳ್ಳುತ್ತ, "ನಿಮಗೂ ಅಷ್ಟು ಸಂತೋಷ ಆಯ್ತಾ?" ಎಂದು ಕೇಳಿದರು.

ಸಂತೋಷಕ್ಕೆ ಒಂದು ಬಾಲವೂ ಇತ್ತು. ಆಹ್ವಾನಪತ್ರದಲ್ಲಿ ಕೊನೆಗೆ "ಕುಟುಂಬದವರಿಂದ ಎರಡು ಮಾತು" ಎಂದು ಅಚ್ಚಾಗಿತ್ತು. ಹೆಡ್‌ಮೇಡಂ ಅದನ್ನು ಓದಿ, ಗಂಡನ ಮುಖ ನೋಡಿ, ಮೆತ್ತಗೆ ಹೇಳಿದರು: "ನಿಮಗೆ ಗಂಟಲು ಸರಿಯಿಲ್ಲ ಅಂತ ಹೇಳಿಬಿಡ್ತೀನಿ ಬಿಡಿ."

ಆ ಮಾತು ಡಾಕ್ಟರರಿಗೆ ನಾಟಿತು. ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದರು. ಪ್ರೀತಿಯಿಂದ ಹೇಳಿದ್ದೇ ತಪ್ಪಾಯಿತು. ಅವಳ ಬಗ್ಗೆ ಹೇಳಬೇಕಾದದ್ದು ಒಂದಿತ್ತು. ಯಾರಿಗೂ ಗೊತ್ತಿಲ್ಲದ್ದು, ಅವರೊಬ್ಬರೇ ಬಲ್ಲದ್ದು. ಈ ಸಲವೂ ಹೇಳದೆ ಹೋದರೆ ಇನ್ನು ಯಾವ ಜನ್ಮಕ್ಕೆ? ಹಲ್ಲು ಕಚ್ಚಿಕೊಂಡು ನಿರ್ಧಾರ ಮಾಡಿದರು, ಮಾತಾಡಿಯೇ ಸೈ. ಹೆಂಡತಿಗೆ ಮಾತ್ರ ವೇದಿಕೆಯ ಮೇಲೇ ಗೊತ್ತಾಗಬೇಕು.

ಮಾರನೆಯ ದಿನವೇ ಹೆಂಡತಿಯ ತಮ್ಮನಿಗೆ ಫೋನು ಹೋಯಿತು. ಈ ಭಾವಮೈದುನನಿಗೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಕೆಲಸ. ಹೊಸದು ಏನು ಬಂದರೂ ಮೊದಲು ಅಕ್ಕನ ಮನೆಯಲ್ಲಿ ಅದರ ಡೆಮೋ ಕೊಡುತ್ತಿದ್ದುದರಿಂದ ಮನೆಯಲ್ಲಿ ಅವನ ಹೆಸರೇ ಡೆಮೋ ಎಂದಾಗಿತ್ತು. ತಾನೇ ನೆಲ ಗುಡಿಸುವ ಯಂತ್ರವೊಂದನ್ನು ತಂದು ಅದು ಡಾಕ್ಟರರ ಕಾಲುಚೀಲ ನುಂಗಿದ ಮೇಲೆ ಅವನ ಬರವು ಸ್ವಲ್ಪ ಕಡಿಮೆಯಾಗಿತ್ತು. ಈಗ ಕರೆ ಬಂದದ್ದೇ ತಡ, ಒಂದು ಡಬ್ಬ ಹಿಡಿದುಕೊಂಡು ಕ್ಲಿನಿಕ್ಕಿಗೆ ಹಾರಿ ಬಂದ.

"ನಿಮ್ಮ ಕಾಯಿಲೆಗೆ ಸಭಾಕಂಪನ ಅಂತಾರೆ ಭಾವ. ಲೋಕದಲ್ಲಿ ಎಷ್ಟೋ ಜನಕ್ಕಿದೆ, ನಾಚಿಕೋಬೇಡಿ. ಅದಕ್ಕೇ ಇದು ಬಂದಿರೋದು" ಎಂದು ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಪೆಟ್ಟಿಗೆಯೊಂದನ್ನು ಹೊರತೆಗೆದ. "ಹಾಕ್ಕೊಂಡ್ರೆ ಎದುರಿಗೆ ಸಭೆ ಕಾಣತ್ತೆ. ಸುಳ್ಳು ಸಭೆ. ದಿನಾ ಅವರ ಮುಂದೆ ಮಾತಾಡಿ ಮಾತಾಡಿ ಭಯ ಸವೆಸೋದು. ಮತ್ತೆ ಈ ವಾಚು ನಿಮ್ಮ ಎದೆಬಡಿತ ನೋಡ್ಕೊಳ್ಳತ್ತೆ. ಅದು ಜಾಸ್ತಿಯಾದ್ರೆ ಕಿವಿಗೆ ಸಿಕ್ಕಿಸೋ ಈ ಗುಂಡಿ ಮೂಲಕ ಒಬ್ಬ ಹೆಣ್ಣುಮಗಳು ಸಮಾಧಾನ ಹೇಳ್ತಾಳೆ. ಎಲ್ಲಾ ಬ್ಲೂಟೂತಲ್ಲೇ ನಡೆಯೋದು."

"ಹಳದಿ ಹಲ್ಲು ನೋಡಿದೀನಿ, ಕರೀ ಹಲ್ಲು ನೋಡಿದೀನಿ. ನೀಲಿ ಹಲ್ಲಿನ ಕೇಸು ಇದೇ ಮೊದಲು" ಎಂದರು ಡಾಕ್ಟರು. ಆದರೂ ಹೆಸರಿನಲ್ಲಿ ಹಲ್ಲು ಇದ್ದದ್ದರಿಂದ ಅವರಿಗೆ ಆ ಯಂತ್ರದ ಮೇಲೆ ನಂಬಿಕೆ ಹುಟ್ಟಿತು.

ಮಧ್ಯಾಹ್ನ ಪೇಷೆಂಟುಗಳಿಲ್ಲದ ಹೊತ್ತು ಡಾಕ್ಟರು ಪೆಟ್ಟಿಗೆಯನ್ನು ಕಣ್ಣಿಗೆ ಬಿಗಿದುಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಕ್ಲಿನಿಕ್ಕಿನ ನಡುವೆ ನಿಂತರು. ಫೋನಿನಲ್ಲಿ ಡೆಮೋನ ದನಿ ಜೋರಾಗಿ ಕೇಳುವಂತೆ ಇಟ್ಟುಕೊಂಡಿದ್ದರು. ಇನ್ನು ಆ ಬೀದಿಯ ಲಾಂಡ್ರಿಯಮ್ಮ ಇಸ್ತ್ರಿ ಮಾಡಿದ ಬಿಳಿ ಕೋಟುಗಳನ್ನು ಎರಡೂ ಕೈಮೇಲೆ ಹೊತ್ತುಕೊಂಡು ಬಾಗಿಲ ಹತ್ತಿರ ಬಂದದ್ದು ಸರಿಯಾಗಿ ಅದೇ ಕ್ಷಣಕ್ಕೆ. ಈ ಲಾಂಡ್ರಿಯಮ್ಮ ಕೆಟ್ಟವಳಲ್ಲ. ಆದರೆ ಬಟ್ಟೆಯಾಗಲಿ ಸುದ್ದಿಯಾಗಲಿ ಅವಳ ಕೈಗೆ ಬಂದರೆ ಒಂದು ಸುಕ್ಕೂ ಇಲ್ಲದಂತೆ ನೀಟಾಗಿ ಹೊರಬೀಳುತ್ತಿತ್ತು.

"ಏನೂ ಕಾಣ್ತಿಲ್ಲ ಕಣೋ!" ಎಂದು ಡಾಕ್ಟರು ಗಾಳಿಯಲ್ಲಿ ಕೈಯಾಡಿಸುತ್ತ ಕೂಗಿದರು. "ಬರೀ ಕತ್ತಲೆ!"

"ಗಾಬರಿ ಆಗ್ಬೇಡಿ ಭಾವ. ಮೊದಮೊದಲು ಎಲ್ಲರಿಗೂ ಹಾಗೇ. ಆಮೇಲೆ ಅಭ್ಯಾಸ ಆಗತ್ತೆ. ಅಕ್ಕಂಗೆ ಹೇಳಿದ್ರಾ?"

"ಹೇಳ್ಬೇಡ ಮಾರಾಯ! ಅವಳಿಗೆ ಗೊತ್ತಾಗಲೇಬಾರದು. ಪ್ರಶಸ್ತಿ ಮುಗಿಯೋ ತನಕ ಹೇಗಾದ್ರೂ ಮುಚ್ಚಿಡ್ಬೇಕು."

ಲಾಂಡ್ರಿಯಮ್ಮನ ಕಣ್ಣಲ್ಲಿ ನೀರು ಬಂತು. ಕೋಟುಗಳನ್ನು ಸದ್ದಾಗದಂತೆ ಬೆಂಚಿನ ಮೇಲಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿರುಗಿದಳು. ಅಂದು ಸಂಜೆ ಮನೆಮನೆಗೆ ಇಸ್ತ್ರಿ ಬಟ್ಟೆಯ ಜೊತೆಗೆ ಸುದ್ದಿಯೂ ಬಿಸಿಬಿಸಿಯಾಗಿಯೇ ತಲುಪಿತು. ಡಾಕ್ಟರರಿಗೆ ಕಣ್ಣು ಹೋಗಿದೆ. ಹೆಂಡತಿಯ ಸಂತೋಷ ಕೆಡಬಾರದೆಂದು ಬಾಯಿ ಬಿಡದೆ ನುಂಗಿಕೊಂಡಿದ್ದಾರೆ.

"ಹಾಗಾದ್ರೆ ಇಷ್ಟು ದಿನ ನಮ್ಮ ಹಲ್ಲು ಕಿತ್ತಿದ್ದು?" ಎಂದ ಬೀಗ ರಿಪೇರಿಯವನು.

"ಬರೀ ಕೈಗುಣದಲ್ಲಿ!" ಎಂದಳು ಲಾಂಡ್ರಿಯಮ್ಮ, ತಾನೇ ಕಲಿಸಿಕೊಟ್ಟವಳಂತೆ. "ಕಣ್ಣಿರೋರು ತಪ್ಪು ಹಲ್ಲು ಕೀಳ್ತಾರೆ. ನಮ್ಮ ಡಾಕ್ಟರು ಕಣ್ಣಿಲ್ಲದೇನೇ ಸರಿಯಾದ್ದು ಕೀಳ್ತಾರೆ. ಬೇರೆ ಯಾವ ಬೀದಿಯಲ್ಲಿದೆ ತೋರಿಸಿ!"

ಬೀದಿ ಯೋಚಿಸಿತು. ನಿಜ, ಬೇರೆ ಯಾವ ಬೀದಿಯಲ್ಲೂ ಇರಲಿಲ್ಲ. ಮರುಕದ ಜೊತೆಗೆ ಒಂದು ಬಗೆಯ ಹೆಮ್ಮೆಯೂ ಸೇರಿಕೊಂಡು ಬೀದಿಯವರ ತಲೆ ನೆಟ್ಟಗಾಯಿತು. ಪೇಷೆಂಟುಗಳು ಕಡಿಮೆಯಾಗುತ್ತಾರೆ ಎಂದು ನೀವು ಎಣಿಸಿದ್ದರೆ ನಿಮಗೆ ಜನರ ಸ್ವಭಾವ ಗೊತ್ತಿಲ್ಲ. ಹಲ್ಲು ಗಟ್ಟಿಯಿದ್ದವರೂ ನೋಡಿಬರೋಣವೆಂದು ಬಂದರು.

ಡಾಕ್ಟರರಿಗೆ ಮಾತ್ರ ಜನ ಇದ್ದಕ್ಕಿದ್ದಂತೆ ಇಷ್ಟು ಸಭ್ಯರಾದದ್ದು ಹೇಗೆಂದು ಅರ್ಥವಾಗಲಿಲ್ಲ. ಬಂದವರೆಲ್ಲ ಬಾಗಿಲಲ್ಲೇ ನಿಂತು, "ನಾನು ಡಾಕ್ಟರೇ, ಬೀಗ ರಿಪೇರಿಯವನು. ನಿಮ್ಮ ಎಡಗಡೆಯಿಂದ ಬರ್ತಾ ಇದೀನಿ" ಎಂದು ಘೋಷಿಸುತ್ತಿದ್ದರು. ಕುರ್ಚಿಯಲ್ಲಿ ಒರಗಿದವರು ಅವರ ಬೆರಳನ್ನು ತಾವೇ ಹಿಡಿದು ನೋಯುವ ಹಲ್ಲಿಗೆ ಮುಟ್ಟಿಸುತ್ತಿದ್ದರು. ಒಮ್ಮೆ ಊಟಕ್ಕೆಂದು ಹೊರಟು ಫುಟ್‌ಪಾತಿನ ಮೇಲೆ ನಿಂತಿದ್ದಾಗ ಯಾರೋ ಒಬ್ಬರು ಬಂದು, ಮಾತಿಲ್ಲದೆ, ಮೊಣಕೈ ಹಿಡಿದು ರಸ್ತೆ ದಾಟಿಸಿಬಿಟ್ಟರು. ಅವರಿಗೆ ದಾಟುವ ಕೆಲಸವಿರಲಿಲ್ಲ. ದಾಕ್ಷಿಣ್ಯಕ್ಕೆ ಥ್ಯಾಂಕ್ಸ್ ಹೇಳಿ, ಹಿಂದಿರುಗಿ ಈಚೆ ಬಂದರೆ ಇನ್ನೊಬ್ಬರು ಕಾದಿದ್ದು ಮತ್ತೆ ಆಚೆ ದಾಟಿಸಿದರು. ಅಂದು ಡಾಕ್ಟರರ ಊಟ ತಪ್ಪಿತು. ಆದರೂ ಜನರ ಒಳ್ಳೆಯತನ ನೆನೆದು ಹೊಟ್ಟೆ ತುಂಬಿತು.

ಸುದ್ದಿ ಸ್ಟಾಫ್‌ರೂಮಿಗೂ ತಲುಪಿ, ಅಲ್ಲಿಂದ ಹೆಡ್‌ಮೇಡಂ ಕಿವಿಗೂ ಬಿತ್ತು. ಅವರು ನಂಬಲಿಲ್ಲ. ಗಂಡನ ಕಣ್ಣು ತನಗೆ ಗೊತ್ತಿಲ್ಲವೇ? ಆದರೆ ಮರುದಿನ ಬೆಳಿಗ್ಗೆ ಕಾಫಿ ಮೇಜಿನ ಮೇಲಿಟ್ಟು ನೋಡುತ್ತಾರೆ, ಡಾಕ್ಟರು ಕಣ್ಣು ಮುಚ್ಚಿಕೊಂಡು, ತುಟಿ ಅಲ್ಲಾಡಿಸುತ್ತ, ಕೈಯಿಂದ ತಡವರಿಸಿ ಕಪ್ಪು ಹುಡುಕುತ್ತಿದ್ದಾರೆ. ಅವರು ಭಾಷಣದ ಮೊದಲ ಸಾಲನ್ನು ಬಾಯಿಪಾಠ ಮಾಡುತ್ತಿದ್ದರು ಎಂಬುದು ಆ ಹೆಂಗಸಿಗೆ ಹೇಗೆ ಗೊತ್ತಾಗಬೇಕು? ಕಪ್ಪನ್ನು ಮೆಲ್ಲಗೆ ಗಂಡನ ಕೈಗೆ ಸರಿಸಿದರು.

"ರೀ, ನೀವು… ಚೆನ್ನಾಗಿದೀರಲ್ಲ?"

ಡಾಕ್ಟರು ಬೆಚ್ಚಿ ಅರ್ಧ ಕಾಫಿ ಚೆಲ್ಲಿದರು. "ಯಾಕೆ? ಯಾರೇನಂದ್ರು? ಡೆಮೋ ಏನಾದ್ರೂ ಹೇಳಿದ್ನಾ?"

"ಏನಿಲ್ಲ." ಹೆಡ್‌ಮೇಡಂ ಚೆಲ್ಲಿದ ಕಾಫಿ ಒರೆಸಿದರು, ಅದೇ ಬಟ್ಟೆಯಿಂದ ಕಣ್ಣೂ ಒರೆಸಿಕೊಂಡರೋ ಏನೋ. "ಆ ದಿನ ನೀವೇನೂ ಮಾತಾಡೋದು ಬೇಡ. ನನ್ನ ಪಕ್ಕ ಸುಮ್ನೆ ಕೂತಿದ್ರೆ ಸಾಕು ನಂಗೆ. ಆ ವೇದಿಕೆಗೆ ಮೆಟ್ಟಿಲು ಬೇರೆ ಜಾಸ್ತಿ."

ನನ್ನ ಮಾತಿಗೂ ಮೆಟ್ಟಿಲಿಗೂ ಏನು ಸಂಬಂಧ ಎಂದು ಡಾಕ್ಟರು ಕ್ಲಿನಿಕ್ಕಿನ ದಾರಿಯುದ್ದಕ್ಕೂ ಚಿಂತಿಸಿದರು. ಕೊನೆಗೆ ಒಂದೇ ಅರ್ಥ ಹೊಳೆಯಿತು. ಗಂಡ ಮತ್ತೆ "ನೆಕ್ಸ್ಟ್" ಅಂದುಬಿಟ್ಟಾನು ಎಂಬ ಹೆದರಿಕೆ ಅವಳಿಗೆ. ಮೆಟ್ಟಿಲು ಬರೀ ನೆಪ. ಮನಸ್ಸಿಗೆ ಬಹಳ ನೋವಾಯಿತು. ಅಂದು ಎರಡು ಸಲ ಅಭ್ಯಾಸ ಮಾಡಿದರು.

ಇಷ್ಟರಲ್ಲಿ ಯಾರೋ ಪುಣ್ಯಾತ್ಮರು ಆರೋಗ್ಯ ಇಲಾಖೆಗೂ ಮಾತು ಮುಟ್ಟಿಸಿದ್ದರು. ಕಣ್ಣಿಲ್ಲದವರು ಹಲ್ಲು ಕೀಳುವುದು ಯಾವ ನಿಯಮದಲ್ಲಿದೆ ಎಂದು ವಿಚಾರಿಸಲು ಇನ್‌ಸ್ಪೆಕ್ಟರು ಖುದ್ದಾಗಿ ಬಂದರು. ಬೀದಿಗೆ ಬೀದಿಯೇ ಕ್ಲಿನಿಕ್ಕಿನ ಹೊರಗೆ ಉಸಿರು ಬಿಗಿಹಿಡಿದು ನಿಂತಿತು.

ಇನ್‌ಸ್ಪೆಕ್ಟರು ಒಳಗೆ ಹೋದವರೇ ಡಾಕ್ಟರರ ಮೂಗಿನ ಮುಂದೆ ಮೂರು ಬೆರಳು ಹಿಡಿದು, "ಎಷ್ಟು ಹೇಳಿ ನೋಡೋಣ?" ಎಂದರು.

"ಮೂರಾ?" ಡಾಕ್ಟರು ಮರುಕದಿಂದ ಅವರ ಹೆಗಲ ಮೇಲೆ ಕೈಯಿಟ್ಟರು. "ಒಂದೇ ಸಲಕ್ಕೆ ಮೂರು ಹಲ್ಲು ನೋಯ್ತಿದ್ರೂ ನಡ್ಕೊಂಡು ಬಂದ್ರಲ್ಲ, ಧೈರ್ಯಸ್ಥರು. ಬನ್ನಿ, ಬಾಯಿ ಬಿಡಿ."

"ನಾನು ಅದಕ್ಕಲ್ಲ ಬಂದಿದ್ದು, ನಾನು ಇಲಾಖೆ—" ಎಂದು ಬಾಯಿ ತೆರೆದದ್ದೇ ಇನ್‌ಸ್ಪೆಕ್ಟರರು ಮಾಡಿದ ತಪ್ಪು. ತೆರೆದ ಬಾಯಿಯನ್ನು ಡಾಕ್ಟರು ಈ ತನಕ ವ್ಯರ್ಥವಾಗಿ ಬಿಟ್ಟವರಲ್ಲ. ಕನ್ನಡಿ ಒಳಗೆ ಹೋಯಿತು, ಕೊಕ್ಕೆ ಹೋಯಿತು, ಕೊಳವೆ ಹೋಯಿತು. ಒಳಗೆ ನಿಜಕ್ಕೂ ಒಂದು ಹಲ್ಲು ಬುಡದವರೆಗೆ ಹುಳುಕಾಗಿತ್ತು. "ಎರಡು ಚೆನ್ನಾಗಿವೆ. ಇದೊಂದೇ ಕಳ್ಳ" ಎಂದು ಇಂಜೆಕ್ಷನ್ ಚುಚ್ಚಿ, ಅದು ಏರುವ ತನಕ ತಮ್ಮ ಭಾಷಣವನ್ನು ಪೂರ್ತಿ ಒಪ್ಪಿಸಿದರು. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಇನ್‌ಸ್ಪೆಕ್ಟರು ಬಾಯಿ ಬಿಟ್ಟುಕೊಂಡು ಕೇಳಿದರು.

ಹೊರಗೆ ಬಂದಾಗ ಅವರ ಬಾಯಲ್ಲಿ ಹತ್ತಿಯ ಉಂಡೆ, ತುಟಿಗೆ ಜೋಮು. ಜನ ಮುತ್ತಿಕೊಂಡರು. "ಏನಾಯ್ತು ಸಾರ್? ಕಣ್ಣು?" ಕಣ್ಣಿಗೇನೂ ಆಗಿಲ್ಲ ಎಂದು ಹೇಳಬೇಕಾಗಿತ್ತು. ಹೇಳಲು ಬಾಯಿಲ್ಲ. ಹೀಗಾಗಿ ತಮ್ಮ ಕಣ್ಣು ತೋರಿಸಿ "ಏನೂ ಇಲ್ಲ" ಎಂಬಂತೆ ಕೈಯಲ್ಲಾಡಿಸಿದರು. ಆಮೇಲೆ ಹಲ್ಲು ಕಿತ್ತ ಜಾಗ ತೋರಿಸಿ, ಹೆಬ್ಬೆರಳೆತ್ತಿ ಶಹಬ್ಬಾಸ್ ಎಂದರು.

"ಕಣ್ಣು… ಇಲ್ಲ" ಎಂದು ಲಾಂಡ್ರಿಯಮ್ಮ ಗಟ್ಟಿಯಾಗಿ ಅನುವಾದಿಸಿದಳು. "ಹಲ್ಲು ಕಿತ್ತಿದ್ದು… ಬಹಳ ಚೆನ್ನಾಗಿದೆ!"

ಜನ ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರು ಎರಡೂ ಕೈ ಬೀಸಿ "ವೂ! ವೂ!" ಎಂದು ಕೂಗಿದ್ದನ್ನು ಆನಂದೋದ್ಗಾರ ಎಂದು ಭಾವಿಸಲಾಯಿತು. ಅಲ್ಲಿಗೆ ಗಾಳಿಸುದ್ದಿಗೆ ಇಲಾಖೆಯ ಮುದ್ರೆಯೂ ಬಿದ್ದ ಹಾಗಾಯಿತು.

ಸಮಾರಂಭದ ಸಂಜೆ ಬಂತು. ಡಾಕ್ಟರು ಕಪ್ಪು ಪೆಟ್ಟಿಗೆಯನ್ನು ಮನೆಯಲ್ಲಿಟ್ಟು, ಕೈಗೆ ವಾಚು ಕಟ್ಟಿ, ಕಿವಿಗೆ ಗುಂಡಿ ಸಿಕ್ಕಿಸಿಕೊಂಡು ಹೊರಟರು. ಡೆಮೋ ಆಗಲೇ ಸಭಾಂಗಣದಲ್ಲಿದ್ದು, "ಸೌಂಡು ನಾನು ನೋಡ್ಕೊತೀನಿ ಬಿಡಿ" ಎಂದು ಕರೆಯದಿದ್ದರೂ ಸ್ಪೀಕರಿನವರ ಕೆಲಸಕ್ಕೆ ಕೈ ಹಾಕಿದ್ದ. ಬೀದಿಯವರೆಲ್ಲ ಬಂದು ಮೂರು ಸಾಲು ಹಿಡಿದಿದ್ದರು. ಹಿಂದೆ ಶಾಲೆಯ ಮಕ್ಕಳು, ಟೀಚರುಗಳು. ಬಾಯಿ ನೆಟ್ಟಗಾದ ಇನ್‌ಸ್ಪೆಕ್ಟರೂ ಒಂದು ಮೂಲೆಯಲ್ಲಿದ್ದರು.

ಸಂಘದ ಕಾರ್ಯದರ್ಶಿ ಡಾಕ್ಟರರನ್ನು ಪಕ್ಕಕ್ಕೆ ಕರೆದು, ಎರಡೂ ಕೈ ಹಿಡಿದುಕೊಂಡರು. "ನಿಮ್ಮ ತೊಂದರೆ ನಮಗೆಲ್ಲ ಗೊತ್ತಾಗಿದೆ ಡಾಕ್ಟರೇ. ಸಂಕೋಚ ಬೇಡ."

ಡಾಕ್ಟರರ ಮುಖ ಬಿಳಿಚಿತು. "ಗೊತ್ತಾಗಿಹೋಯ್ತಾ? ನನ್ನ ಹೆಂಡತಿ ಹೇಳಿದ್ಲಾ?"

"ಅವರೇ ಹೇಳಿದ್ದು, ನಿಮಗೆ ತೊಂದರೆ ಕೊಡ್ಬೇಡಿ ಅಂತ. ಎಷ್ಟು ದಿನದಿಂದ ಇದೆ ಇದು?"

"ಚಿಕ್ಕಂದಿನಿಂದ."

"ಚಿಕ್ಕಂದಿನಿಂದ!" ಕಾರ್ಯದರ್ಶಿ ಅವರ ಕೈಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. "ಮತ್ತೆ ಕೆಲಸ ಹೇಗೆ ಮಾಡ್ತೀರಿ?"

"ಒಬ್ಬೊಬ್ಬರೇ ಬಂದ್ರೆ ಏನೂ ತೊಂದರೆ ಇಲ್ಲ ಸ್ವಾಮಿ. ತುಂಬ ಜನ ಒಟ್ಟಿಗೆ ಎದುರಾದ್ರೆ ಮಾತ್ರ ಕಣ್ಣು ಕತ್ತಲೆ ಬರತ್ತೆ. ಆದ್ರೂ ನಾನು ಇವತ್ತು ಮಾತಾಡ್ತೀನಿ. ಮಾತಾಡಲೇಬೇಕು."

ಇಂಥ ಕೆಚ್ಚನ್ನು ಕಾರ್ಯದರ್ಶಿ ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ. ಪ್ರಶಸ್ತಿಫಲಕ ಕೊಟ್ಟು ಮುಗಿದದ್ದೇ, ಹೆಡ್‌ಮೇಡಂ "ಬೇಡ, ಬೇಡ" ಎಂದು ಕಣ್ಸನ್ನೆ ಮಾಡುತ್ತಿದ್ದರೂ, ತಾವೇ ಡಾಕ್ಟರರ ಮೊಣಕೈ ಹಿಡಿದು ಮೇಲೆ ಕರೆತಂದರು. "ಇಲ್ಲೊಂದು ಮೆಟ್ಟಿಲು. ಇಲ್ಲಿ ಇನ್ನೊಂದು. ಈಗ ಮೈಕು ನಿಮ್ಮ ಎದುರಿಗೇ ಇದೆ." ಡಾಕ್ಟರರ ಮೊಣಕಾಲುಗಳು ನಿಜಕ್ಕೂ ನಡುಗುತ್ತಿದ್ದುದರಿಂದ ಈ ಉಪಚಾರ ಅವರಿಗೆ ಬಹಳ ಹಿತವಾಗಿಯೇ ಕಂಡಿತು.

ತಲೆಯೆತ್ತಿ ನೋಡಿದರು. ಸಭಾಂಗಣದ ತುಂಬ ಮುಚ್ಚಿದ ಬಾಯಿಗಳು. ಮರುಕದಿಂದ ಇನ್ನಷ್ಟು ಬಿಗಿದುಕೊಂಡ ತುಟಿಗಳು. ಜೀವ ಬಾಯಿಗೆ ಬಂತು. ಎಡಗಡೆ ನೋಡಿದರೆ ಹೆಂಡತಿ ಫಲಕವನ್ನು ಎದೆಗೊತ್ತಿಕೊಂಡು, ಗಂಡ ಬಿದ್ದರೆ ಹಿಡಿಯುವವಳಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ನಾಲಿಗೆಯ ತುದಿಗೆ ಆ ಹಳೆಯ, ದರಿದ್ರ "ನೆಕ್ಸ್ಟ್" ಬಂದು ನಿಂತಿತು. ಎದೆ ನಗಾರಿಯಾಯಿತು.

ವಾಚು ತನ್ನ ಕರ್ತವ್ಯ ಮರೆಯಲಿಲ್ಲ. ಆದರೆ ಬ್ಲೂಟೂತು ಎಂಬುದಕ್ಕೆ ಹತ್ತಿರ ಯಾರು ಸಿಕ್ಕರೆ ಅವರ ಕೈ ಹಿಡಿಯುವ ಚಾಳಿ. ಡೆಮೋ ಎಲ್ಲೋ ಏನನ್ನೋ ಒತ್ತಿದ್ದರಿಂದ ಅದು ಡಾಕ್ಟರರ ಕಿವಿಯನ್ನು ಬಿಟ್ಟು ಸಭಾಂಗಣದ ದೈತ್ಯ ಸ್ಪೀಕರುಗಳ ಸಂಗ ಮಾಡಿತ್ತು. ಗಂಭೀರವಾದ ಹೆಣ್ಣುದನಿಯೊಂದು ಇಡೀ ಸಭೆಯ ಮೇಲೆ ಮೊಳಗಿತು:

"ಗಾಬರಿಯಾಗಬೇಡಿ. ನೆಟ್ಟಗೆ ನಿಂತುಕೊಳ್ಳಿ."

ಸಭೆಯಲ್ಲಿದ್ದ ಅರ್ಧ ಜನ ಹೆಡ್‌ಮೇಡಂ ಶಾಲೆಯವರು. ಸ್ಪೀಕರಿನಿಂದ ಹೆಣ್ಣುದನಿಯ ಆಜ್ಞೆ ಬಂದರೆ ಪಾಲಿಸಬೇಕು, ಯಾಕೆಂದು ಕೇಳಬಾರದು ಎಂಬುದು ಅವರ ರಕ್ತದಲ್ಲಿ ಇಳಿದಿತ್ತು. ಎದ್ದು ನಿಂತರು. ಅವರು ಎದ್ದದ್ದು ನೋಡಿ ಉಳಿದವರೂ ಎದ್ದರು.

"ದೀರ್ಘವಾಗಿ ಉಸಿರು ಎಳೆದುಕೊಳ್ಳಿ."

ಸಭೆ ಎಳೆದುಕೊಂಡಿತು.

"ಹಾಗೇ ಹಿಡಿದುಕೊಳ್ಳಿ."

ಹಿಡಿದುಕೊಂಡಿತು. ಇನ್‌ಸ್ಪೆಕ್ಟರರ ಮುಖ ಕೆಂಪಾಯಿತು.

"ಈಗ ಬಾಯಿ ದೊಡ್ಡದಾಗಿ ತೆರೆದು, ನಿಧಾನವಾಗಿ ಬಿಡಿ."

"ಆ…" ಎಂದು ಸಭೆಗೆ ಸಭೆಯೇ ಬಾಯಿ ತೆರೆಯಿತು. ಮುಂದಿನ ಸಾಲಿನಿಂದ ಹಿಂದಿನ ಗೋಡೆಯ ತನಕ ಬಾಯಿ, ಬಾಯಿ, ಬಾಯಿ. ಮೇಲಿನ ಸಾಲು, ಕೆಳಗಿನ ಸಾಲು. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು, ಹಾಲುಹಲ್ಲು, ಕಟ್ಟಿಸಿದ ಹಲ್ಲು.

ಡಾಕ್ಟರು ನೋಡಿದರು. ಮೊಣಕಾಲಿನ ನಡುಕ ನಿಂತುಹೋಯಿತು. ತವರು ಸೇರಿದ ಹೆಣ್ಣುಮಗಳಿಗೂ ಅಷ್ಟು ನೆಮ್ಮದಿಯಾಗಲಿಕ್ಕಿಲ್ಲ. ಒಂದು ಕೈಯೆತ್ತಿ, ದಿನವೂ ಆಡುವ ದನಿಯಲ್ಲಿ ಹೇಳಿದರು: "ಚೆನ್ನಾಗಿದೆ. ಮುಚ್ಚಬೇಡಿ. ಹಾಗೇ ಇರಿ."

ಆಮೇಲೆ ಅವರನ್ನು ತಡೆಯುವವರು ಯಾರು?

"ನನ್ನ ಹೆಂಡತಿ ಮಾತಾಡ್ತಾಳೆ, ನಾನು ಬಾಯಿ ನೋಡ್ತೀನಿ. ನಮ್ಮ ಮನೆ ನಡೆಯೋದೇ ಹೀಗೆ" ಎಂದು ಶುರುಮಾಡಿದರು. ಜನ ನಕ್ಕರು. ನಕ್ಕಾಗ ಬಾಯಿ ಇನ್ನೂ ಅಗಲವಾಯಿತು. ಡಾಕ್ಟರರಿಗೆ ಇನ್ನೂ ಅನುಕೂಲವಾಯಿತು. ನಡುವೆ ತಟ್ಟನೆ ನಿಂತು, ಬೆರಳು ತೋರಿಸಿದರು: "ಮೂರನೇ ಸಾಲು, ಕಂದು ಅಂಗಿ. ಮೇಲಿನ ಎಡದವಡೆಯಲ್ಲಿ ಒಂದು ತೂತಾಗಿದೆ. ನಾಳೆ ಬಂದು ತುಂಬಿಸ್ಕೊಳ್ಳಿ."

ಕಂದು ಅಂಗಿಯ ಬೀಗ ರಿಪೇರಿಯವನು ಕೆನ್ನೆ ಹಿಡಿದುಕೊಂಡ.

"ಕಾಣತ್ತೆ!" ಎಂದು ಲಾಂಡ್ರಿಯಮ್ಮ ಕಿರುಚಿದಳು. "ಡಾಕ್ಟರಿಗೆ ಕಣ್ಣು ಕಾಣತ್ತೆ!"

"ಕಾಣದೆ ಏನಮ್ಮ?" ಎಂದರು ಡಾಕ್ಟರು ಬೆಪ್ಪಾಗಿ.

"ಹೆಂಡತಿ ಬಗ್ಗೆ ಮಾತೆತ್ತಿದ್ದೇ ತಡ, ಕಣ್ಣು ಬಂತು!" ಎಂದು ಯಾರೋ ಬಿಕ್ಕಿದರು.

ಮೂಲೆಯಿಂದ ಇನ್‌ಸ್ಪೆಕ್ಟರು ಕುರ್ಚಿ ಹತ್ತಿ ನಿಂತು ಕೂಗಿದರು: "ನಾನು ಅವತ್ತೇ ಬಡ್ಕೊಂಡೆನಲ್ರೀ!"

ಹೆಡ್‌ಮೇಡಂ ಗಂಡನ ಮುಖವನ್ನೇ ನೋಡುತ್ತಿದ್ದರು. ಗಂಡನ ಕಣ್ಣೂ ಅವರನ್ನೇ ನೋಡುತ್ತಿತ್ತು, ಎಂದಿನ ಹಾಗೆ, ನೇರವಾಗಿ. ಅವರು ನಕ್ಕರು. ನಗು ಅರ್ಧಕ್ಕೇ ಅಳುವಾಯಿತು. ಡಾಕ್ಟರರಿಗೆ ತಲೆಬುಡ ಅರ್ಥವಾಗದಿದ್ದರೂ ಗಲಾಟೆ ಅಡಗುವ ತನಕ ಕಾದರು. ಆಮೇಲೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತಿಗೆ ಬಂದರು.

"ನಾನು ಕ್ಲಿನಿಕ್ ತೆರೆದಾಗ ಒಬ್ಬ ಪೇಷೆಂಟೂ ಬರ್ತಿರಲಿಲ್ಲ. ಖಾಲಿ ಕ್ಲಿನಿಕ್ ಅಂದ್ರೆ ಜನಕ್ಕೆ ಅನುಮಾನ. ಇವಳು ಆಗಿನ್ನೂ ಹೊಸ ಟೀಚರು. ಶಾಲೆ ಬಿಟ್ಟ ತಕ್ಷಣ ಬಂದು, ಬೀದಿಗೆ ಕಾಣೋ ಹಾಗೆ ಬೆಂಚಿನ ಮೇಲೆ ಕೂತ್ಕೊಳ್ತಿದ್ಲು. ಕೆನ್ನೆಗೆ ಕರ್ಚೀಫು ಒತ್ಕೊಂಡು, ನರಳಿಕೊಂಡು. ಒಳಗೆ ಪೇಷೆಂಟ್ ಕಾಯ್ತಾ ಇದಾರೆ ಅಂತ ಜನಕ್ಕೆ ಅನ್ನಿಸಲಿ ಅಂತ. ಒಂದಿನ ಎಡಗೆನ್ನೆ, ಒಂದಿನ ಬಲಗೆನ್ನೆ. ಯಾಕೇಂದ್ರೆ ದಿನಾ ಅದೇ ಹಲ್ಲು ನೋಯ್ತು ಅಂದ್ರೆ ಡಾಕ್ಟರಿಗೆ ಕೆಟ್ಟ ಹೆಸರು!"

ಸಭೆ ನಗಲು ಹೋಗಿ, ನಗಲಾರದೆ ನಿಂತಿತು.

"ಮೊದಲನೇ ಪೇಷೆಂಟ್ ಬಂದವರು, 'ಪಾಪ, ಈಯಮ್ಮಂಗೆ ಮೊದ್ಲು ನೋಡಿ' ಅಂದ್ರು. ಕೂರಿಸಿ ನೋಡ್ದೆ. ನನ್ನ ಕಸುಬೇ ಹುಳುಕು ಹುಡುಕೋದು ಸ್ವಾಮಿ. ಅವತ್ತಿಂದ ಇವತ್ತಿನ ತನಕ ಹುಡುಕ್ತಾನೇ ಇದೀನಿ." ಡಾಕ್ಟರು ಹೆಂಡತಿಯ ಕಡೆ ತಿರುಗಿದರು. "ಇವಳಲ್ಲಿ ಒಂದೂ ಸಿಕ್ಕಿಲ್ಲ."

ಚಪ್ಪಾಳೆ ಎಷ್ಟು ಹೊತ್ತು ನಡೆಯಿತೆಂದು ಕೇಳಬೇಡಿ. ಡೆಮೋ ಎಲ್ಲರಿಗೂ ಕೇಳುವಂತೆ, "ನಮ್ಮ ಭಾವ! ಅದು ನಮ್ಮ ಭಾವ!" ಎಂದು ಅರಚುತ್ತಿದ್ದ. ಡಾಕ್ಟರು ಕೊನೆಗೆ ಮೈಕಿಗೆ ಬಾಗಿ, ಎದೆಯುಬ್ಬಿಸಿ, ಹೆಂಡತಿಯತ್ತ ಕೈಚಾಚಿ, ಸ್ಪಷ್ಟವಾಗಿ ಹೇಳಿದರು:

"ನೆಕ್ಸ್ಟ್!"

ಹೆಡ್‌ಮೇಡಂ ಮೈಕಿನ ಮುಂದೆ ಬಂದು ನಿಂತರು. ಎಷ್ಟೋ ಸಾವಿರ ಮಕ್ಕಳ ಮುಂದೆ ಕಾಗದವಿಲ್ಲದೆ ಮಾತಾಡಿದ ಹೆಂಗಸು. ಸಭೆಯನ್ನು ನೋಡಿದರು, ಗಂಡನನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. ಶಬ್ದ ಬರಲಿಲ್ಲ. ಮತ್ತೆ ಪ್ರಯತ್ನಿಸಿದರು. ತುಟಿ ಅದುರಿತು, ಅಷ್ಟೆ. ಕೈ ತನ್ನಷ್ಟಕ್ಕೆ ಕರ್ಚೀಫು ಹುಡುಕಿ ತೆಗೆದು, ಹಳೆಯ ಅಭ್ಯಾಸದಂತೆ, ಎಡಗೆನ್ನೆಗೆ ಒತ್ತಿಕೊಂಡಿತು.

ಡಾಕ್ಟರು ಹತ್ತಿರ ಬಂದು, ತಮ್ಮ ಮೊಟ್ಟಮೊದಲ ಪೇಷೆಂಟಿನ ಹೆಗಲ ಮೇಲೆ ಕೈಯಿಟ್ಟರು.

"ಹೆದರ್ಕೋಬೇಡಿ" ಎಂದರು. "ಸ್ವಲ್ಪವೂ ನೋವಾಗಲ್ಲ. ಎಲ್ಲಿ, ಬಾಯಿ ಬಿಡಿ."